ಜನಜಂಗುಳಿಯ ನ್ಯಾಯಾಲಯ: ಜರ್ಮನಿಯ ‘ಎಂ’ ಚಿತ್ರವನ್ನು ಇಂದು ನೋಡುವಾಗ

1931ರ ಮೇ 11ರಂದು ಬರ್ಲಿನ್ ನಗರದ ಪ್ರಸಿದ್ಧ ಚಿತ್ರಮಂದಿರವೊಂದರಲ್ಲಿ ‘ಎಂ’ ಎಂಬ ಒಂದೇ ಅಕ್ಷರದ ಹೆಸರಿನ ಚಲನಚಿತ್ರ ತೆರೆಕಂಡಿತು. ಅದರ ನಿರ್ದೇಶಕ ಫ್ರಿಟ್ಸ್ ಲ್ಯಾಂಗ್. ಕಥೆ, ಸಂಭಾಷಣೆಯನ್ನು ಅವರು ಮತ್ತು ಅವರ ಪತ್ನಿ ಥಿಯಾ ಫಾನ್ ಹಾರ್ಬೂ ಜೊತೆಯಾಗಿ ಬರೆದಿದ್ದರು. ಮಕ್ಕಳನ್ನು ಕೊಲ್ಲುವವನೊಬ್ಬ ನಗರದಲ್ಲಿ ಅಡಗಿದ್ದಾನೆ, ಇಡೀ ನಗರ ಅವನನ್ನು ಹುಡುಕುತ್ತಿದೆ ಎಂಬುದು ಕಥೆಯ ಎಳೆ. ಇಷ್ಟು ಮಾತ್ರ ಕೇಳಿದವರಿಗೆ ಇದು ಸಾಮಾನ್ಯ ಪತ್ತೇದಾರಿ ಚಿತ್ರದಂತೆ ತೋರಬಹುದು. ಆದರೆ ಒಂಬತ್ತು ದಶಕಗಳು ಕಳೆದ ಮೇಲೂ ಜಗತ್ತಿನ ಚಲನಚಿತ್ರಾಸಕ್ತರು ಈ ಚಿತ್ರವನ್ನು ಮತ್ತೆ ಮತ್ತೆ ನೋಡುತ್ತಿರುವುದಕ್ಕೆ ಕೊಲೆಗಾರ ಯಾರೆಂಬ ಕುತೂಹಲ ಕಾರಣವಲ್ಲ. ಕೊಲೆಗಾರ ಯಾರೆಂದು ಚಿತ್ರ ಬಹಳ ಬೇಗನೆ ತೋರಿಸಿಬಿಡುತ್ತದೆ. ಅದು ಗುಟ್ಟಾಗಿ ಪತ್ತೆ ಹಚ್ಚುವುದು ಅವನನ್ನು ಹುಡುಕಲು ಹೊರಟ ಸಮಾಜವನ್ನು.

ಒಂದು ಸಮಾಜ ಭಯಗೊಂಡಾಗ ಹೇಗೆ ವರ್ತಿಸುತ್ತದೆ, ನೆರೆಯವರು ನೆರೆಯವರನ್ನು ಹೇಗೆ ಅನುಮಾನಿಸುತ್ತಾರೆ, ಕಾನೂನನ್ನು ಕೈಗೆತ್ತಿಕೊಳ್ಳಲು ಯಾರು ಮುಂದೆ ಬರುತ್ತಾರೆ ಎಂಬ ಪ್ರಶ್ನೆಗಳು ಇತಿಹಾಸದ ವಿದ್ಯಾರ್ಥಿಗಳಿಗೆ ಮಾತ್ರ ಸಂಬಂಧಿಸಿದವಲ್ಲ. ಅವು ನಮ್ಮ ಮನೆಬಾಗಿಲಿಗೂ ಬಂದಿರುವ ಪ್ರಶ್ನೆಗಳು. ಆದ್ದರಿಂದ ಈ ಹಳೆಯ ಕಪ್ಪು ಬಿಳುಪು ಚಿತ್ರವನ್ನು, ಅದು ಹುಟ್ಟಿದ ಕಾಲವನ್ನು, ಅದರಲ್ಲಿ ದುಡಿದವರು ಮುಂದೆ ಕಂಡ ಪಾಡನ್ನು ಒಟ್ಟಿಗೆ ಇಟ್ಟು ನೋಡುವುದು ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ಭೂತದಿಂದ ನೆರೆಯವನವರೆಗೆ

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ 1920ರ ದಶಕದಲ್ಲಿ ಜಗತ್ತಿಗೆ ಅತ್ಯುತ್ತಮ ಭಯಾನಕ ಚಿತ್ರಗಳನ್ನು ಕೊಟ್ಟಿತು. 1920ರಲ್ಲಿ ಬಂದ ‘ಡಾಕ್ಟರ್ ಕ್ಯಾಲಿಗರಿಯ ಕ್ಯಾಬಿನೆಟ್’ ಚಿತ್ರದಲ್ಲಿ ಜಾತ್ರೆಯ ಪ್ರದರ್ಶನಕಾರನೊಬ್ಬ ನಿದ್ದೆಯಲ್ಲಿ ನಡೆಯುವ ಯುವಕನನ್ನು ತನ್ನ ವಶದಲ್ಲಿಟ್ಟುಕೊಂಡು ಕೊಲೆ ಮಾಡಿಸುತ್ತಾನೆ. ಅದರಲ್ಲಿ ಮನೆಗಳು, ಬೀದಿಗಳು, ಕಿಟಕಿಗಳು ಎಲ್ಲವೂ ಸೊಟ್ಟ. ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ನೆರಳುಗಳು. 1922ರಲ್ಲಿ ಎಫ್. ಡಬ್ಲ್ಯು. ಮುರ್ನೌ ನಿರ್ದೇಶಿಸಿದ ‘ನೊಸ್ಫೆರಾಟು’ವಿನಲ್ಲಿ ರಕ್ತ ಹೀರುವ ಪ್ರೇತವೊಂದು ಪೂರ್ವದೇಶದ ಪರ್ವತಗಳಿಂದ ಹಡಗಿನಲ್ಲಿ ಇಲಿಗಳನ್ನೂ ಪ್ಲೇಗನ್ನೂ ತುಂಬಿಕೊಂಡು ಜರ್ಮನಿಯ ಪುಟ್ಟ ಪಟ್ಟಣಕ್ಕೆ ಬರುತ್ತದೆ. ಅದೇ ವರ್ಷ ಲ್ಯಾಂಗ್ ‘ಜೂಜುಗಾರ ಡಾಕ್ಟರ್ ಮಬೂಸೆ’ ತೆಗೆದರು. ಜನರ ಮನಸ್ಸನ್ನು ವಶೀಕರಿಸಿ ಶೇರುಪೇಟೆಯನ್ನೂ ಜೂಜುಕಟ್ಟೆಗಳನ್ನೂ ಆಳುವ ಪಾತಕಿಯ ಕಥೆ ಅದು.

ಈ ಚಿತ್ರಗಳಲ್ಲಿ ಕೇಡು ಎಂಬುದು ಎಲ್ಲೋ ದೂರದಿಂದ ಬರುತ್ತದೆ, ಇಲ್ಲವೇ ಅಸಾಮಾನ್ಯ ಶಕ್ತಿಯುಳ್ಳ ಒಬ್ಬನಿಂದ ಬರುತ್ತದೆ. ನೊಸ್ಫೆರಾಟುವಿನ ಡೊಂಕು ಮೂಗು, ಉದ್ದ ಉಗುರು, ಅವನೊಂದಿಗೆ ಬರುವ ಇಲಿಗಳ ಹಿಂಡು ಇವುಗಳನ್ನು ಕಂಡ ಹಲವು ವಿಮರ್ಶಕರು ಅಂದಿನ ಯುರೋಪಿನಲ್ಲಿ ಯಹೂದಿಗಳನ್ನು ಕುರಿತು ಹರಡಿದ್ದ ವಿಕಾರ ಚಿತ್ರಗಳ ನೆರಳನ್ನು ಅಲ್ಲಿ ಗುರುತಿಸಿದ್ದಾರೆ. ನಿರ್ದೇಶಕರ ಉದ್ದೇಶ ಅದಾಗಿತ್ತೆಂದು ಹೇಳಲಾಗದು. ಆದರೂ ರೋಗ, ಕೊಳಕು, ಸಾವು ಇವೆಲ್ಲ ‘ಹೊರಗಿನವನ’ ಜೊತೆ ಬರುತ್ತವೆ ಎಂಬ ನಂಬಿಕೆ ಆ ಚಿತ್ರದ ಒಡಲಲ್ಲಿದೆ ಎಂಬುದನ್ನು ಅಲ್ಲಗಳೆಯಲಾಗದು.

‘ಎಂ’ ಚಿತ್ರದ ಕೊಲೆಗಾರನಿಗೆ ಡೊಂಕು ಮೂಗಿಲ್ಲ, ಉದ್ದ ಉಗುರುಗಳಿಲ್ಲ. ಅವನು ಹಾನ್ಸ್ ಬೆಕರ್ಟ್. ಗುಂಡು ಮುಖದ, ದಪ್ಪ ಕಣ್ಣುಗಳ, ಕೋಟು ಹ್ಯಾಟು ಧರಿಸಿದ ಬಾಡಿಗೆ ಕೋಣೆಯ ಯುವಕ. ಹಣ್ಣು ಕೊಳ್ಳುತ್ತಾನೆ, ಅಂಗಡಿಯ ಗಾಜಿನ ಮುಂದೆ ನಿಲ್ಲುತ್ತಾನೆ, ಮಕ್ಕಳಿಗೆ ಮಿಠಾಯಿ ಕೊಡಿಸುತ್ತಾನೆ. ಬೀದಿಯಲ್ಲಿ ಎದುರಾದರೆ ಯಾರೂ ಎರಡನೇ ಸಲ ನೋಡದ ಮನುಷ್ಯ. ವಿಶೇಷವೆಂದರೆ ‘ನೊಸ್ಫೆರಾಟು’ವಿನ ಛಾಯಾಗ್ರಾಹಕ ಫ್ರಿಟ್ಸ್ ಆರ್ನೋ ವಾಗ್ನರ್ ಅವರೇ ‘ಎಂ’ ಚಿತ್ರವನ್ನೂ ಸೆರೆಹಿಡಿದವರು. ಹತ್ತು ವರ್ಷಗಳೊಳಗೆ ಅದೇ ಕ್ಯಾಮರಾದ ಕಣ್ಣು ಪ್ರೇತದ ಕೋಟೆಯಿಂದ ಪಕ್ಕದ ಬೀದಿಗೆ ಬಂದಿತ್ತು.

ಖಾಲಿ ತಟ್ಟೆ

ಚಿತ್ರ ಆರಂಭವಾಗುವುದು ಕತ್ತಲೆಯಲ್ಲಿ. ಮೊದಲು ಕೇಳಿಬರುವುದು ಒಂದು ಮಗುವಿನ ದನಿ. ಬಡವರ ವಠಾರದ ಅಂಗಳದಲ್ಲಿ ಮಕ್ಕಳು ವೃತ್ತಾಕಾರವಾಗಿ ನಿಂತು ಆಡುತ್ತಿದ್ದಾರೆ. ಕತ್ತಿ ಹಿಡಿದು ಬರುವ ಕೊಲೆಗಾರನ ಬಗ್ಗೆ ಒಂದು ಹಾಡು ಹೇಳುತ್ತ, ಒಬ್ಬೊಬ್ಬರನ್ನೇ ಆಟದಿಂದ ಹೊರಗೆ ಹಾಕುತ್ತಿದ್ದಾರೆ. ಬಟ್ಟೆಯ ಬುಟ್ಟಿ ಹೊತ್ತ ಹೆಂಗಸೊಬ್ಬಳು ಆ ಹಾಡು ಹೇಳಬೇಡಿರೆಂದು ಗದರಿಸುತ್ತಾಳೆ. ಮಕ್ಕಳು ಕೇಳುವುದಿಲ್ಲ. ಅವರ ದನಿ ಕೇಳುತ್ತಿರುವಷ್ಟು ಹೊತ್ತು ಅವರು ಇದ್ದಾರೆಂದು ನಮಗೆ ಗೊತ್ತಾಗುತ್ತದಲ್ಲ ಎಂದು ಇನ್ನೊಬ್ಬ ತಾಯಿ ಸಮಾಧಾನ ಹೇಳುತ್ತಾಳೆ. ಆ ತಾಯಿ ಶ್ರೀಮತಿ ಬೆಕ್‌ಮನ್. ಬಟ್ಟೆ ಒಗೆದು ಬದುಕುವವಳು.

ಮಧ್ಯಾಹ್ನವಾಗುತ್ತದೆ. ತಾಯಿ ಮಗಳಿಗಾಗಿ ಊಟದ ಮೇಜು ಸಿದ್ಧಪಡಿಸುತ್ತಾಳೆ. ಶಾಲೆ ಬಿಟ್ಟ ಪುಟ್ಟ ಎಲ್ಸಿ ಚೆಂಡು ಪುಟಿಸುತ್ತ ಬೀದಿಯಲ್ಲಿ ಬರುತ್ತಾಳೆ. ಕೊಲೆಗಾರನನ್ನು ಹಿಡಿದುಕೊಟ್ಟವರಿಗೆ ಹತ್ತು ಸಾವಿರ ಮಾರ್ಕ್ ಬಹುಮಾನವೆಂದು ಸಾರುವ ಭಿತ್ತಿಪತ್ರಕ್ಕೆ ಅವಳ ಚೆಂಡು ಬಡಿಯುತ್ತದೆ. ಅದೇ ಭಿತ್ತಿಪತ್ರದ ಮೇಲೆ ಒಬ್ಬ ಮನುಷ್ಯನ ನೆರಳು ಬೀಳುತ್ತದೆ. ಚೆಂಡು ಬಲು ಚೆನ್ನಾಗಿದೆಯಲ್ಲ, ನಿನ್ನ ಹೆಸರೇನು ಎಂದು ನೆರಳು ವಿಚಾರಿಸುತ್ತದೆ. ಅವನು ಸಿಳ್ಳೆ ಹಾಕುತ್ತ, ಕುರುಡ ವ್ಯಾಪಾರಿಯೊಬ್ಬನಿಂದ ಮಗುವಿಗೆ ಬಲೂನು ಕೊಡಿಸುತ್ತಾನೆ.

ಆಮೇಲೆ ನಡೆದದ್ದನ್ನು ಲ್ಯಾಂಗ್ ತೋರಿಸುವುದಿಲ್ಲ. ತಾಯಿ ಮಗಳ ಹೆಸರು ಹಿಡಿದು ಕೂಗುವುದು ಮಾತ್ರ ಕೇಳಿಸುತ್ತದೆ. ತೆರೆಯ ಮೇಲೆ ನಿರ್ಜನ ಮೆಟ್ಟಿಲಸಾಲು, ಬಟ್ಟೆ ಒಣಗಿಸಿದ ಅಟ್ಟ, ಮೇಜಿನ ಮೇಲಿನ ಖಾಲಿ ತಟ್ಟೆ ಒಂದರ ಹಿಂದೆ ಒಂದು ಬರುತ್ತವೆ. ಪೊದೆಯೊಳಗಿಂದ ಚೆಂಡು ಉರುಳಿ ಬಂದು ನಿಲ್ಲುತ್ತದೆ. ಬಲೂನು ತಂತಿಗೆ ಸಿಕ್ಕಿಕೊಂಡು ತುಸು ಹೊತ್ತು ಒದ್ದಾಡಿ ಹಾರಿಹೋಗುತ್ತದೆ. ರಕ್ತದ ಒಂದು ಹನಿಯೂ ಇಲ್ಲದ ಈ ಕೆಲವೇ ನಿಮಿಷಗಳು ಇಂದಿನ ಭೀಕರ ಚಿತ್ರಗಳ ಎಷ್ಟೋ ಕೊಲೆಗಳಿಗಿಂತ ಹೆಚ್ಚು ನಡುಕ ಹುಟ್ಟಿಸುತ್ತವೆ. ಮಗುವನ್ನು ಕಳೆದುಕೊಂಡ ಮನೆಯ ಮೌನವನ್ನು ಇಷ್ಟು ಗೌರವದಿಂದ ತೋರಿಸಿದ ಚಿತ್ರಗಳು ವಿರಳ. ಅಪರಾಧದ ದೃಶ್ಯವನ್ನು ಪುನರ್‌ಸೃಷ್ಟಿಸಿ ಹಗಲಿರುಳು ಪ್ರಸಾರ ಮಾಡುವ ಇಂದಿನ ಟೀವಿ ವಾಹಿನಿಗಳು ಇದನ್ನೊಮ್ಮೆ ನೋಡಬೇಕು.

ಇದು ಲ್ಯಾಂಗ್ ಅವರ ಮೊದಲ ವಾಕ್ಚಿತ್ರ. ಮಾತು ಬಂದ ಹೊಸತರಲ್ಲಿ ಚಿತ್ರಗಳೆಲ್ಲ ಹಾಡು, ಮಾತುಗಳಿಂದ ಕಿಕ್ಕಿರಿಯುತ್ತಿದ್ದಾಗ ಇವರು ಹಿನ್ನೆಲೆ ಸಂಗೀತವನ್ನೇ ಬಿಟ್ಟರು. ಕೊಲೆಗಾರ ಹಾಕುವ ಸಿಳ್ಳೆಯೊಂದೇ ಇಲ್ಲಿನ ಸಂಗೀತ. ಅದು ನಾರ್ವೆಯ ಸಂಗೀತಗಾರ ಗ್ರೀಗ್ ಅವರ ಒಂದು ಪ್ರಸಿದ್ಧ ಧಾಟಿ. ನಟ ಪೀಟರ್ ಲೋರ್ ಅವರಿಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲವಾದ್ದರಿಂದ ನಿರ್ದೇಶಕರೇ ಹಾಕಿದರಂತೆ. ಆ ಸಿಳ್ಳೆಯನ್ನು ಗುರುತು ಹಿಡಿಯುವವನು ಕಣ್ಣಿಲ್ಲದ ಬಲೂನು ವ್ಯಾಪಾರಿ. ಕಣ್ಣಿದ್ದ ನಗರವೆಲ್ಲ ಕಾಣದ್ದನ್ನು ಅವನು ಕೇಳಿಸಿಕೊಳ್ಳುತ್ತಾನೆ.

ಅನುಮಾನದ ಊರು

ಎಲ್ಸಿಯ ಸಾವಿನ ಸುದ್ದಿ ಪತ್ರಿಕೆಗಳಲ್ಲಿ ಬಂದೊಡನೆ ಚಿತ್ರ ನಗರದತ್ತ ತಿರುಗುತ್ತದೆ. ಹೋಟೆಲಿನ ಮೇಜಿನ ಸುತ್ತ ಕುಳಿತು ಪತ್ರಿಕೆ ಓದುತ್ತಿದ್ದ ಗೆಳೆಯರಲ್ಲಿ ಒಬ್ಬ ಇನ್ನೊಬ್ಬನನ್ನು ಕೊಲೆಗಾರನೆಂದು ದೂರುತ್ತಾನೆ. ಕೈ ಕೈ ಮಿಲಾಯಿಸುತ್ತದೆ. ಯಾರೋ ಬರೆದ ಹೆಸರಿಲ್ಲದ ಪತ್ರವನ್ನು ನಂಬಿ ಪೊಲೀಸರು ಒಬ್ಬನ ಮನೆ ಶೋಧಿಸುತ್ತಾರೆ. ಬೀದಿಯಲ್ಲಿ ಒಂದು ಪುಟ್ಟ ಹುಡುಗಿ ಕನ್ನಡಕ ಹಾಕಿದ ಮುದುಕನೊಬ್ಬನನ್ನು ಗಂಟೆ ಎಷ್ಟೆಂದು ಕೇಳುತ್ತಾಳೆ. ಅವನು ಅಕ್ಕರೆಯಿಂದ ಉತ್ತರಿಸುತ್ತಾನೆ. ಅಷ್ಟರಲ್ಲಿ ದಢೂತಿ ಆಳೊಬ್ಬ ಅಡ್ಡ ನಿಂತು ಮಗುವಿನೊಂದಿಗೆ ನಿನಗೇನು ಕೆಲಸ ಎಂದು ಗದರುತ್ತಾನೆ. ಕ್ಷಣದಲ್ಲಿ ಜನ ಸೇರುತ್ತಾರೆ. ಮತ್ತೊಂದೆಡೆ ಸಣ್ಣ ತಪ್ಪಿಗೆ ಸಿಕ್ಕಿಬಿದ್ದವನೊಬ್ಬನನ್ನು ಪೊಲೀಸರು ಬಸ್ಸಿನಿಂದ ಇಳಿಸುತ್ತಾರೆ. ನನ್ನನ್ನು ಬಿಟ್ಟು ಆ ಮಕ್ಕಳ ಕೊಲೆಗಾರನನ್ನು ಹಿಡಿಯಿರೆಂದು ಅವನು ಸಿಡುಕುತ್ತಾನೆ. ಸುತ್ತಲಿದ್ದವರ ಕಿವಿಗೆ ಬಿದ್ದದ್ದು ಕೊಲೆಗಾರ ಎಂಬ ಒಂದೇ ಪದ. ಅಷ್ಟೇ ಸಾಕಾಗುತ್ತದೆ, ಜನ ಅವನ ಮೇಲೆ ಮುಗಿಬೀಳುತ್ತಾರೆ.

ಈ ದೃಶ್ಯಗಳು ಬರಿಯ ಕಲ್ಪನೆಯಾಗಿರಲಿಲ್ಲ. 1929ರಲ್ಲಿ ಡ್ಯುಸೆಲ್‌ಡಾರ್ಫ್ ನಗರವನ್ನು ಪೀಟರ್ ಕ್ಯುರ್ಟೆನ್ ಎಂಬ ಸರಣಿ ಕೊಲೆಗಾರ ನಡುಗಿಸಿದ್ದ. 1930ರ ಮೇ ತಿಂಗಳಲ್ಲಿ ಅವನ ಬಂಧನವಾಯಿತು. 1931ರ ಏಪ್ರಿಲ್‌ನಲ್ಲಿ ವಿಚಾರಣೆ ನಡೆದು ಮರಣದಂಡನೆ ವಿಧಿಸಲಾಯಿತು. ಜುಲೈ 2ರಂದು ಕಲೋನ್ ನಗರದಲ್ಲಿ ತಲೆ ಕಡಿಯಲಾಯಿತು. ಅಂದರೆ ತೀರ್ಪಿಗೂ ಶಿಕ್ಷೆಗೂ ನಡುವಣ ವಾರಗಳಲ್ಲಿ ‘ಎಂ’ ತೆರೆಗೆ ಬಂದಿತು. ತನ್ನ ಚಿತ್ರ ಕ್ಯುರ್ಟೆನ್ ಒಬ್ಬನ ಕಥೆಯಲ್ಲವೆಂದು ಲ್ಯಾಂಗ್ ಹೇಳುತ್ತಿದ್ದರು. ಅಂಥ ಕೊಲೆಗಾರರು ಆ ದಶಕದ ಜರ್ಮನಿಯಲ್ಲಿ ಇನ್ನೂ ಕೆಲವರಿದ್ದರು. ಆದರೂ ನೋಡಿದ ಪ್ರತಿಯೊಬ್ಬ ಪ್ರೇಕ್ಷಕನ ತಲೆಯಲ್ಲೂ ಅದೇ ಪ್ರಕರಣವಿದ್ದಿರಬೇಕು.

ಅದರ ಹಿಂದೆ ಇನ್ನೂ ದೊಡ್ಡ ಭಯವಿತ್ತು. ಆರ್ಥಿಕ ಕುಸಿತದಿಂದಾಗಿ 1931ರ ಆರಂಭದಲ್ಲಿ ಜರ್ಮನಿಯಲ್ಲಿ ನಿರುದ್ಯೋಗಿಗಳ ಸಂಖ್ಯೆ 50 ಲಕ್ಷದ ಹತ್ತಿರಕ್ಕೆ ಬಂದಿತ್ತು. 1928ರ ಚುನಾವಣೆಯಲ್ಲಿ ಸಂಸತ್ತಿನ 12 ಸ್ಥಾನಗಳನ್ನಷ್ಟೇ ಗೆದ್ದಿದ್ದ ನಾಝಿ ಪಕ್ಷ 1930ರ ಸೆಪ್ಟೆಂಬರಿನಲ್ಲಿ 107 ಸ್ಥಾನ ಗೆದ್ದಿತು. ಸುಮಾರು 64 ಲಕ್ಷ ಮತದಾರರು ಹಿಟ್ಲರನ ಪಕ್ಷಕ್ಕೆ ಮತ ಹಾಕಿದ್ದರು. ಕೆಲಸ ಕಳೆದುಕೊಂಡ, ನಾಳೆಯ ಬಗ್ಗೆ ನಂಬಿಕೆ ಕಳೆದುಕೊಂಡ ಜನರಿಗೆ ತಮ್ಮ ಸಂಕಟಕ್ಕೆಲ್ಲ ಕಾರಣನಾದ ಒಬ್ಬನನ್ನು ಬೆರಳು ಮಾಡಿ ತೋರಿಸುವವರು ಬೇಕಾಗಿದ್ದರು.

ನೆಲಮಾಳಿಗೆಯ ತೀರ್ಪು

ಪೊಲೀಸರು ರಾತ್ರಿ ರಾತ್ರಿ ನಡೆಸುವ ತಪಾಸಣೆಗಳಿಂದ ಹೆಚ್ಚು ತೊಂದರೆಗೊಳಗಾದವರು ನಗರದ ಕಳ್ಳರು, ಜೇಬುಗಳ್ಳರು, ಸುಲಿಗೆಕೋರರು. ಅವರ ದಂಧೆಯೇ ನಿಂತುಹೋಗುತ್ತದೆ. ಅವರ ನಾಯಕ ಶ್ರೆಂಕರ್ ಎಂಬವನು ಸಭೆ ಕರೆಯುತ್ತಾನೆ. ಅದೇ ಹೊತ್ತಿಗೆ ಪೊಲೀಸ್ ಅಧಿಕಾರಿಗಳ ಸಭೆಯೂ ನಡೆಯುತ್ತಿದೆ. ಲ್ಯಾಂಗ್ ಈ ಎರಡೂ ಸಭೆಗಳನ್ನು ಒಂದರೊಳಗೊಂದು ಹೆಣೆಯುತ್ತಾರೆ. ಇಲ್ಲಿ ಶ್ರೆಂಕರ್ ಕೈ ಎತ್ತಿ ಆರಂಭಿಸಿದ ಮಾತನ್ನು ಅಲ್ಲಿ ಅಧಿಕಾರಿ ಮುಗಿಸುತ್ತಾನೆ. ಎರಡೂ ಕೋಣೆಗಳಲ್ಲಿ ಒಂದೇ ಬಗೆಯ ಹೊಗೆ. ಯಾವುದು ಕಾನೂನಿನ ಸಭೆ, ಯಾವುದು ಕಳ್ಳರ ಸಭೆ ಎಂದು ನಾವು ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ.

ಕಳ್ಳರು ನಗರದ ಭಿಕ್ಷುಕರ ಸಂಘವನ್ನು ಕೆಲಸಕ್ಕೆ ಹಚ್ಚುತ್ತಾರೆ. ಒಬ್ಬೊಬ್ಬ ಭಿಕ್ಷುಕನಿಗೆ ಒಂದೊಂದು ಬೀದಿಯ ಕಾವಲು. ಕುರುಡ ವ್ಯಾಪಾರಿ ಸಿಳ್ಳೆಯನ್ನು ಗುರುತಿಸಿದ ಕೂಡಲೇ ಒಬ್ಬ ಹುಡುಗ ಬೆಕರ್ಟನ ಹಿಂದೆ ಬೀಳುತ್ತಾನೆ. ತನ್ನ ಅಂಗೈ ಮೇಲೆ ಸೀಮೆಸುಣ್ಣದಲ್ಲಿ ‘ಎಂ’ ಎಂದು ಬರೆದುಕೊಂಡು, ಕಾಲು ಜಾರಿದವನಂತೆ ನಟಿಸಿ ಅವನ ಭುಜಕ್ಕೆ ತಟ್ಟುತ್ತಾನೆ. ಕೊಲೆಗಾರ ಎಂಬ ಜರ್ಮನ್ ಪದದ ಮೊದಲ ಅಕ್ಷರವದು. ಕನ್ನಡಿಯಲ್ಲಿ ತನ್ನ ಭುಜದ ಮೇಲಿನ ಗುರುತನ್ನು ಬೆಕರ್ಟ್ ಕಾಣುವ ಕ್ಷಣ ಚಲನಚಿತ್ರ ಇತಿಹಾಸದ ಅತ್ಯಂತ ಪ್ರಸಿದ್ಧ ದೃಶ್ಯಗಳಲ್ಲೊಂದು. ಇತ್ತ ಪೊಲೀಸ್ ಇನ್‌ಸ್ಪೆಕ್ಟರ್ ಲೋಮನ್ ಸಿಗರೇಟು ತುಂಡು, ಕಿಟಕಿಯ ಮರದ ಮೇಲೆ ಉಳಿದ ಕೆಂಪು ಪೆನ್ಸಿಲಿನ ಗುರುತು ಇಂಥ ಸಾಕ್ಷ್ಯಗಳ ಹಾದಿ ಹಿಡಿದು ನಿಧಾನವಾಗಿ ಅದೇ ಮನುಷ್ಯನತ್ತ ಬರುತ್ತಿರುತ್ತಾನೆ. ಕಾನೂನಿನ ಹೆಜ್ಜೆ ನಿಧಾನ. ಗುಂಪಿನ ಓಟ ವೇಗ. ಗುಂಪು ಮೊದಲು ತಲುಪುತ್ತದೆ.

ಪಾಳುಬಿದ್ದ ಸಾರಾಯಿ ಕಾರ್ಖಾನೆಯ ನೆಲಮಾಳಿಗೆಗೆ ಬೆಕರ್ಟನನ್ನು ಎಳೆತರುತ್ತಾರೆ. ಅಲ್ಲಿ ನಗರದ ಪಾತಕಿಗಳೆಲ್ಲ ಸಾಲಾಗಿ ಕುಳಿತಿದ್ದಾರೆ. ಶ್ರೆಂಕರ್ ನ್ಯಾಯಾಧೀಶ. ಅವನೇ ಮೂರು ಕೊಲೆಗಳಿಗಾಗಿ ಪೊಲೀಸರಿಗೆ ಬೇಕಾದವನು! ಆರೋಪಿಯ ಪರವಾಗಿ ಮಾತನಾಡಲು ಒಬ್ಬ ವಕೀಲನನ್ನೂ ನೇಮಿಸಿದ್ದಾರೆ. ಕಾನೂನಿಗೆ ಒಪ್ಪಿಸಿದರೆ ಇವನು ಬುದ್ಧಿಭ್ರಮಣೆಯ ನೆಪ ಹೇಳಿ ಆಸ್ಪತ್ರೆ ಸೇರುತ್ತಾನೆ, ತಪ್ಪಿಸಿಕೊಳ್ಳುತ್ತಾನೆ, ಮತ್ತೆ ಮಕ್ಕಳನ್ನು ಕೊಲ್ಲುತ್ತಾನೆ, ಆದ್ದರಿಂದ ಇಲ್ಲೇ ಮುಗಿಸಬೇಕು ಎಂಬುದು ಶ್ರೆಂಕರನ ವಾದ. ಆ ವಾದದಲ್ಲಿ ಹುರುಳಿಲ್ಲವೆಂದು ಸುಲಭವಾಗಿ ಹೇಳಲಾಗದು. ಮಕ್ಕಳ ತಾಯಂದಿರ ನೋವು ನಿಜ. ಗುಂಪಿನಲ್ಲಿದ್ದ ಹೆಂಗಸೊಬ್ಬಳು ಆ ತಾಯಂದಿರನ್ನೇ ಕೇಳಿನೋಡಿರೆಂದು ಚೀರುವಾಗ ಪ್ರೇಕ್ಷಕರ ಹೃದಯವೂ ಅವಳೊಂದಿಗೆ ಚೀರುತ್ತದೆ.

ಆಗ ಬೆಕರ್ಟ್ ಮೊಣಕಾಲೂರಿ ಮಾತನಾಡುತ್ತಾನೆ. ನೀವು ಬಯಸಿ ಕಳ್ಳರಾದವರು, ಕೆಲಸ ಕಲಿತರೆ ಬಿಡಬಹುದಾದವರು. ನನ್ನೊಳಗಿರುವುದನ್ನು ನಾನು ಬಿಡಲಾರೆ, ಅದು ನನ್ನನ್ನೇ ಬೆನ್ನಟ್ಟುತ್ತದೆ ಎಂಬ ಅರ್ಥದ ಅವನ ಅಳಲು ನೋಡುವವರನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಅವನು ಅಪರಾಧಿ ಎಂಬುದರಲ್ಲಿ ಸಂಶಯವಿಲ್ಲ. ಚಿತ್ರ ಅವನನ್ನು ಕ್ಷಮಿಸಿರೆಂದು ಕೇಳುವುದೂ ಇಲ್ಲ. ಆದರೆ ಅವನ ವಕೀಲ ನಗೆಪಾಟಲಿಗೀಡಾಗುತ್ತಲೇ ಒಂದು ಮಾತನ್ನು ಬಿಡದೆ ಹೇಳುತ್ತಾನೆ: ಈ ಮನುಷ್ಯನನ್ನು ಕೊಲ್ಲುವ ಹಕ್ಕು ಇಲ್ಲಿರುವ ಯಾರಿಗೂ ಇಲ್ಲ, ಅವನನ್ನು ಕಾನೂನಿಗೆ ಒಪ್ಪಿಸಬೇಕು. ಗುಂಪು ಅವನ ಮೇಲೆ ಎರಗುವ ಕ್ಷಣಕ್ಕೆ ಸರಿಯಾಗಿ ಪೊಲೀಸರು ಬರುತ್ತಾರೆ. ಕೊನೆಯಲ್ಲಿ ನ್ಯಾಯಾಲಯದ ಪೀಠ ಕಾಣಿಸುತ್ತದೆ. ತೀರ್ಪು ಮಾತ್ರ ಕೇಳಿಸುವುದಿಲ್ಲ. ಅದರ ಬದಲು ಕಪ್ಪು ಬಟ್ಟೆ ತೊಟ್ಟ ಮೂವರು ತಾಯಂದಿರು ಕಾಣುತ್ತಾರೆ. ಇದರಿಂದ ನಮ್ಮ ಮಕ್ಕಳು ಮರಳಿ ಬರಲಾರರು, ಮಕ್ಕಳ ಮೇಲೆ ಇನ್ನಷ್ಟು ನಿಗಾ ಇಡಬೇಕು ಎಂದು ಎಲ್ಸಿಯ ತಾಯಿ ಅಳುತ್ತ ಹೇಳುತ್ತಾಳೆ. ಚಿತ್ರ ಮುಗಿಯುತ್ತದೆ.

ನಾಝಿಗಳು ಕಂಡ ಚಿತ್ರ

ಒಂದೇ ಚಿತ್ರವನ್ನು ಇಬ್ಬರು ಎಷ್ಟು ಬೇರೆಯಾಗಿ ನೋಡಬಹುದೆಂಬುದಕ್ಕೆ ಇಲ್ಲೊಂದು ದಾಖಲೆಯಿದೆ. ಹಿಟ್ಲರನ ಪ್ರಚಾರದ ಮುಖಂಡ ಜೋಸೆಫ್ ಗೊಬೆಲ್ಸ್ 1931ರ ಮೇ ತಿಂಗಳಲ್ಲೇ ‘ಎಂ’ ನೋಡಿದ. ಚಿತ್ರ ಅದ್ಭುತವಾಗಿದೆ, ಮಾನವೀಯತೆಯ ಹೆಸರಿನ ಭಾವುಕತೆಗೆ ವಿರುದ್ಧವಾಗಿದೆ, ಮರಣದಂಡನೆಯ ಪರವಾಗಿದೆ, ಲ್ಯಾಂಗ್ ಮುಂದೊಂದು ದಿನ ನಮ್ಮ ನಿರ್ದೇಶಕನಾಗುತ್ತಾನೆ ಎಂಬರ್ಥದ ಟಿಪ್ಪಣಿಯನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡ. ನೆಲಮಾಳಿಗೆಯ ಗುಂಪಿನಲ್ಲಿ ಅವನು ಕಂಡದ್ದು ಅಪಾಯವನ್ನಲ್ಲ, ಆದರ್ಶವನ್ನು. ಚರ್ಮದ ಕೋಟು ತೊಟ್ಟು, ಕಾನೂನು ದುರ್ಬಲವಾಗಿದೆ, ನಾವೇ ಮುಗಿಸೋಣ ಎನ್ನುವ ಶ್ರೆಂಕರನಲ್ಲಿ ತನ್ನವರ ಭಾಷೆಯನ್ನು ಅವನು ಗುರುತಿಸಿರಬಹುದು.

ಆದರೆ ಅಧಿಕಾರಕ್ಕೆ ಬಂದ ಮೇಲೆ ನಾಝಿಗಳಿಗೆ ಲ್ಯಾಂಗ್ ಬೇಡವಾದರು. ಅವರ ‘ಡಾಕ್ಟರ್ ಮಬೂಸೆಯ ಉಯಿಲು’ ಚಿತ್ರವನ್ನು 1933ರ ಮಾರ್ಚ್‌ನಲ್ಲಿ ನಿಷೇಧಿಸಲಾಯಿತು. ಗೊಬೆಲ್ಸ್ ತನ್ನನ್ನು ಕರೆಸಿ ಜರ್ಮನ್ ಚಿತ್ರರಂಗದ ಮುಖ್ಯಸ್ಥನಾಗಲು ಹೇಳಿದನೆಂದೂ, ತಾಯಿ ಯಹೂದಿಯಾಗಿ ಹುಟ್ಟಿದವಳಾದ್ದರಿಂದ ಹೆದರಿ ಅಂದು ರಾತ್ರಿಯೇ ಕೈಯಲ್ಲಿ ಕಾಸಿಲ್ಲದೆ ದೇಶ ಬಿಟ್ಟೆನೆಂದೂ ಲ್ಯಾಂಗ್ ಜೀವನವಿಡೀ ಹೇಳುತ್ತಿದ್ದರು. ಅವರ ಪಾಸ್‌ಪೋರ್ಟಿನ ಮೊಹರುಗಳು ಬೇರೆಯೇ ಹೇಳುತ್ತವೆ. 1933ರ ಜುಲೈವರೆಗೆ ಅವರು ಹಲವು ಸಲ ಹೋಗಿ ಬಂದಿದ್ದಾರೆ. ಕಥೆ ಕಟ್ಟುವವರು ತಮ್ಮ ಬದುಕಿನ ಕಥೆಯನ್ನೂ ಕಟ್ಟುತ್ತಾರೆ. ಆದರೆ ದೇಶ ಬಿಟ್ಟದ್ದು ನಿಜ. ಅಮೆರಿಕಕ್ಕೆ ಹೋದ ಮೇಲೆ 1936ರಲ್ಲಿ ಅಲ್ಲಿ ತೆಗೆದ ಮೊದಲ ಚಿತ್ರ ‘ಫ್ಯೂರಿ’ಯ ವಸ್ತುವೂ ಗುಂಪು ಹಿಂಸೆಯೇ. ಅಪಹರಣದ ಅನುಮಾನಕ್ಕೆ ಒಳಗಾದ ನಿರಪರಾಧಿಯೊಬ್ಬನಿರುವ ಜೈಲಿಗೆ ಜನ ಬೆಂಕಿ ಹಚ್ಚುವ ಕಥೆ ಅದು.

1934ರಲ್ಲಿ ‘ಎಂ’ ಚಿತ್ರಕ್ಕೂ ನಿಷೇಧ ಬಿತ್ತು. ಆದರೆ ಅದರ ಒಂದು ತುಣುಕನ್ನು ನಾಝಿಗಳು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದರು. ಬೆಕರ್ಟನ ಪಾತ್ರ ಮಾಡಿದ ಪೀಟರ್ ಲೋರ್ ಯಹೂದಿ. 1904ರಲ್ಲಿ ಅಂದಿನ ಆಸ್ಟ್ರಿಯಾ-ಹಂಗೇರಿಯಲ್ಲಿ ಲಾಸ್ಲೋ ಲೋವೆನ್‌ಸ್ಟೈನ್ ಎಂಬ ಹೆಸರಿನಿಂದ ಹುಟ್ಟಿದವರು. 1933ರಲ್ಲಿ ಜರ್ಮನಿ ಬಿಟ್ಟು, ಪ್ಯಾರಿಸ್, ಲಂಡನ್ ಮೂಲಕ ಹಾಲಿವುಡ್ ಸೇರಿದರು. 1940ರ ನವೆಂಬರಿನಲ್ಲಿ ಫ್ರಿಟ್ಸ್ ಹಿಪ್ಲರ್ ಎಂಬವನ ನಿರ್ದೇಶನದಲ್ಲಿ ‘ಶಾಶ್ವತ ಯಹೂದಿ’ ಎಂಬ ಪ್ರಚಾರಚಿತ್ರ ಬಂದಿತು. ಯಹೂದಿಗಳನ್ನು ಇಲಿಗಳ ಹಿಂಡಿಗೆ ಹೋಲಿಸಿದ ಕುಖ್ಯಾತ ಚಿತ್ರವದು. ಬೆಕರ್ಟ್ ಮೊಣಕಾಲೂರಿ ಅಳುವ ದೃಶ್ಯವನ್ನು ಅದರಲ್ಲಿ ಸೇರಿಸಿದರು. ನೋಡಿ, ಯಹೂದಿಗಳು ಎಂಥವರು ಎಂಬುದು ಅದರ ಇಂಗಿತ. ಪಾತ್ರ ಕಾಲ್ಪನಿಕ. ಕೊಲೆಗಾರ ಯಹೂದಿಯೆಂದು ಚಿತ್ರದಲ್ಲಿ ಎಲ್ಲೂ ಹೇಳಿಲ್ಲ. ಒಬ್ಬ ನಟ ಚೆನ್ನಾಗಿ ನಟಿಸಿದ್ದೇ ಅವನ ಇಡೀ ಜನಾಂಗದ ಮೇಲಿನ ಆರೋಪಪಟ್ಟಿಯಾಯಿತು.

ಸೀಮೆಸುಣ್ಣದ ಗುರುತಿನ ಕಥೆಯೂ ಅಲ್ಲಿಗೆ ನಿಲ್ಲಲಿಲ್ಲ. 1933ರ ಏಪ್ರಿಲ್ 1ರ ಬಹಿಷ್ಕಾರದ ದಿನ ಯಹೂದಿಗಳ ಅಂಗಡಿಗಳ ಗಾಜಿನ ಮೇಲೆ ನಕ್ಷತ್ರ ಬಳಿದರು. 1938ರ ಅಕ್ಟೋಬರಿನಿಂದ ಅವರ ಪಾಸ್‌ಪೋರ್ಟುಗಳ ಮೇಲೆ ‘ಜೆ’ ಎಂಬ ಕೆಂಪು ಅಕ್ಷರ ಒತ್ತಿದರು. 1941ರ ಸೆಪ್ಟೆಂಬರಿನಿಂದ ಆರು ವರ್ಷ ದಾಟಿದ ಪ್ರತಿ ಯಹೂದಿಯೂ ಹಳದಿ ನಕ್ಷತ್ರ ಧರಿಸಲೇಬೇಕೆಂಬ ಆಜ್ಞೆ ಜಾರಿಗೆ ಬಂತು. ಚಿತ್ರದಲ್ಲಿ ಗುರುತು ಬಿದ್ದದ್ದು ನಿಜವಾದ ಅಪರಾಧಿಯ ಭುಜಕ್ಕೆ. ಇತಿಹಾಸದಲ್ಲಿ ಬಿದ್ದದ್ದು ಹುಟ್ಟಿದ್ದನ್ನು ಬಿಟ್ಟರೆ ಬೇರೇನೂ ಮಾಡದವರ ಎದೆಗೆ. ಈ ವ್ಯತ್ಯಾಸವನ್ನು ಮರೆಯಬಾರದು. ಗುರುತು ಹಾಕುವ ಅಧಿಕಾರವನ್ನು ಗುಂಪಿಗೆ ಒಮ್ಮೆ ಬಿಟ್ಟುಕೊಟ್ಟರೆ, ಅದು ಅಪರಾಧಿಯ ಭುಜವನ್ನೇ ಹುಡುಕುತ್ತದೆಂಬ ಖಾತರಿಯಿಲ್ಲ.

ಚಿತ್ರದಲ್ಲಿ ದುಡಿದವರು ಬೇರೆ ಬೇರೆ ದಿಕ್ಕಿಗೆ ಚೆದುರಿದರು. ಶ್ರೆಂಕರನ ಪಾತ್ರ ಮಾಡಿದ ಗುಸ್ತಾಫ್ ಗ್ರುಂಡ್‌ಗೆನ್ಸ್ ನಾಝಿ ಮುಖಂಡ ಗೋರಿಂಗನ ಆಶ್ರಯದಲ್ಲಿ ಪ್ರಷ್ಯಾದ ಸರಕಾರಿ ರಂಗಭೂಮಿಯ ಮುಖ್ಯಸ್ಥರಾದರು. ಸಿಳ್ಳೆ ಕೇಳಿ ಕೊಲೆಗಾರನನ್ನು ಗುರುತಿಸಿದ ಕುರುಡ ವ್ಯಾಪಾರಿಯ ಪಾತ್ರ ಮಾಡಿದವರು ಗಿಯಾರ್ಗ್ ಜಾನ್ ಎಂಬ ಯಹೂದಿ ನಟ. ಲ್ಯಾಂಗ್ ಅವರ ಎಷ್ಟೋ ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದವರು. ನಾಝಿಗಳು ಅವರನ್ನು ಪೋಲೆಂಡಿನ ಲೋಡ್ಜ್ ಘೆಟ್ಟೋಗೆ ಸಾಗಿಸಿದರು. 1941ರ ನವೆಂಬರಿನಲ್ಲಿ ಅವರು ಅಲ್ಲೇ ತೀರಿಕೊಂಡರು. ಇದನ್ನು ತಿಳಿದ ಮೇಲೆ ಆ ಬಲೂನು ವ್ಯಾಪಾರಿ ಕಿವಿ ನಿಮಿರಿಸಿ ನಿಲ್ಲುವ ದೃಶ್ಯವನ್ನು ಮೊದಲಿನಂತೆ ನೋಡಲಾಗುವುದಿಲ್ಲ.

ಬೆಳಗಾವಿಯ ಒಂದು ಎಳೆ

ಕಥೆ ಬರೆದ ಥಿಯಾ ಫಾನ್ ಹಾರ್ಬೂ ಅವರ ದಾರಿ ಇನ್ನೂ ವಿಚಿತ್ರವಾದುದು. 1933ರಲ್ಲಿ ಲ್ಯಾಂಗ್ ಅವರಿಂದ ವಿಚ್ಛೇದನ ಪಡೆದ ಆಕೆ ಜರ್ಮನಿಯಲ್ಲೇ ಉಳಿದರು. ನಾಝಿ ಪಕ್ಷ ಸೇರಿದರು, ಆ ಆಡಳಿತದಲ್ಲಿ ಚಿತ್ರಗಳಿಗೆ ಕಥೆ ಬರೆಯುತ್ತಲೇ ಇದ್ದರು. ಅದೇ ಕಾಲದಲ್ಲಿ ಅವರು ಪ್ರೀತಿಸಿದ್ದು ಬರ್ಲಿನ್‌ನಲ್ಲಿ ಓದುತ್ತಿದ್ದ, ತಮಗಿಂತ ಕಿರಿಯನಾದ ಭಾರತೀಯ ಪತ್ರಕರ್ತ ಆಯಿ ತೆಂಡೂಲ್ಕರ್ ಅವರನ್ನು. ಜನಾಂಗ ಶುದ್ಧಿಯ ಮಂತ್ರ ಜಪಿಸುತ್ತಿದ್ದ ದೇಶದಲ್ಲಿ ಇಬ್ಬರೂ ಗುಟ್ಟಾಗಿ ಮದುವೆಯಾದರು ಎಂಬುದನ್ನು ತೆಂಡೂಲ್ಕರ್ ಅವರ ಮಗಳು ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ತೆಂಡೂಲ್ಕರ್ ಭಾರತಕ್ಕೆ ಮರಳಿದರು. ಬೆಳಗಾವಿಯಲ್ಲಿ ಪತ್ರಿಕೆ ನಡೆಸಿದರು, ಬ್ರಿಟಿಷರ ಸೆರೆಮನೆಯನ್ನೂ ಕಂಡರು. ‘ಎಂ’ ಚಿತ್ರದ ತಾಯಂದಿರ ಅಳಲನ್ನು ಅಷ್ಟು ಮರುಕದಿಂದ ಬರೆದ ಕೈ ನಾಝಿ ಪಕ್ಷದ ಸದಸ್ಯತ್ವಕ್ಕೂ ಸಹಿ ಹಾಕಿತು, ಕಪ್ಪು ಬಣ್ಣದ ಭಾರತೀಯನ ಕೈಯನ್ನೂ ಹಿಡಿಯಿತು. ಒಳ್ಳೆಯ ಕಥೆ ಬರೆದವರೆಲ್ಲ ಒಳ್ಳೆಯ ಆಯ್ಕೆ ಮಾಡುತ್ತಾರೆಂದೇನೂ ಇಲ್ಲ. ವ್ಯಕ್ತಿಯ ಮಟ್ಟದಲ್ಲಿ ಪ್ರೀತಿಸಬಲ್ಲವರೇ ಸಮುದಾಯದ ಮಟ್ಟದಲ್ಲಿ ದ್ವೇಷದ ಸಂಘಟನೆಗೆ ಸೇರಬಲ್ಲರು. ನಮ್ಮ ನಡುವೆಯೂ ಇಂಥವರು ಕಡಿಮೆಯಿಲ್ಲ. ನೆರೆಮನೆಯ ಮುಸ್ಲಿಮನೊಂದಿಗೆ ಹಬ್ಬದ ತಿಂಡಿ ಹಂಚಿಕೊಳ್ಳುತ್ತಲೇ ಆತನ ಜನಾಂಗದ ಬಗ್ಗೆ ಬಂದ ಸುಳ್ಳು ಸಂದೇಶವನ್ನು ಹತ್ತು ಮಂದಿಗೆ ಕಳಿಸುವವರಿದ್ದಾರೆ.

ಮಿಠಾಯಿ ಕೊಟ್ಟವರು

ಗಂಟೆ ಹೇಳಿದ ತಪ್ಪಿಗೆ ಜನರ ನಡುವೆ ಸಿಲುಕಿದ ಆ ಕನ್ನಡಕದ ಮುದುಕನನ್ನು ನೋಡುವಾಗ ಕನ್ನಡಿಗರಾದ ನಮಗೆ ಬೀದರ್ ನೆನಪಾಗದಿರದು. 2018ರ ಜುಲೈ 13ರಂದು ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರ ತಂಡವೊಂದು ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ ದಾರಿಬದಿ ನಿಂತು ಶಾಲಾಮಕ್ಕಳಿಗೆ ಚಾಕಲೇಟು ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆಂದು ಕೂಗೆದ್ದಿತು. ಅವರ ಚಿತ್ರಗಳು ವಾಟ್ಸಾಪಿನಲ್ಲಿ ಮುಂದಿನ ಹಳ್ಳಿಗೆ ಅವರಿಗಿಂತ ಮೊದಲೇ ತಲುಪಿದವು. ಮುರ್ಕಿ ಗ್ರಾಮದಲ್ಲಿ ನೂರಾರು ಜನ ಸೇರಿ ಹೊಡೆದರು. ತಡೆಯಲು ಹೋದ ಪೊಲೀಸರಿಗೂ ಏಟು ಬಿತ್ತು. 32 ವರ್ಷದ ಸಾಫ್ಟ್‌ವೇರ್ ಇಂಜಿನಿಯರೊಬ್ಬರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಇಂಥದ್ದೇ ವದಂತಿಯ ಮೇಲೆ ಹೊಡೆದು ಕೊಂದಿದ್ದರು. ಒಬ್ಬರು ಮುಸ್ಲಿಮ್, ಇನ್ನೊಬ್ಬರು ಹಿಂದೂ. ಇಬ್ಬರೂ ಆ ಬೀದಿಗೆ ಹೊರಗಿನವರು ಎಂಬುದೇ ಅಪರಾಧವಾಯಿತು. ಬೀದರ್ ಘಟನೆಯ ನಾಲ್ಕೇ ದಿನಗಳ ನಂತರ, ಜುಲೈ 17ರಂದು, ಸುಪ್ರೀಂ ಕೋರ್ಟು ಗುಂಪು ಹತ್ಯೆಗಳನ್ನು ತಡೆಯಲು ರಾಜ್ಯಗಳಿಗೆ ಕಟ್ಟುನಿಟ್ಟಿನ ಸೂಚನೆಗಳನ್ನು ನೀಡಿತು. ಜಿಲ್ಲೆಗೊಬ್ಬ ನೋಡಲ್ ಅಧಿಕಾರಿ, ವಿಶೇಷ ಕಾನೂನು ಇವೆಲ್ಲ ಅದರಲ್ಲಿದ್ದವು.

1931ರ ಬರ್ಲಿನ್ನಿಗೂ ನಮ್ಮ ಊರುಗಳಿಗೂ ಹೋಲಿಕೆಯನ್ನು ಎಳೆದು ಎಳೆದು ತರುವುದು ಸರಿಯಲ್ಲ. ನಮ್ಮಲ್ಲಿ ಸಂವಿಧಾನವಿದೆ, ನ್ಯಾಯಾಲಯಗಳಿವೆ, ಗುಂಪಿಗೆ ಅಡ್ಡ ನಿಂತು ಏಟು ತಿಂದ ಪೊಲೀಸರೂ ಇದ್ದಾರೆ. ಆದರೆ ಎರಡು ಅಭ್ಯಾಸಗಳು ಎಲ್ಲ ಕಾಲದಲ್ಲೂ ಒಂದೇ. ಮೊದಲನೆಯದು, ಕೇಳಿದ್ದನ್ನು ಪರೀಕ್ಷಿಸದೆ ನಂಬುವುದು. ಎರಡನೆಯದು, ಒಬ್ಬನ ತಪ್ಪನ್ನು ಅವನ ಸಮುದಾಯದ ಲೆಕ್ಕಕ್ಕೆ ಬರೆಯುವುದು. ಸುದ್ದಿ ತಂದವನ ಮಾತನ್ನು ವಿಚಾರಿಸಿ ನೋಡಬೇಕು, ಇಲ್ಲವಾದರೆ ಅರಿಯದೆ ಜನರಿಗೆ ಕೇಡು ಮಾಡಿ ಪಶ್ಚಾತ್ತಾಪ ಪಡಬೇಕಾದೀತೆಂದು ಪವಿತ್ರ ಕುರ್‌ಆನಿನ ಹುಜುರಾತ್ ಅಧ್ಯಾಯ ಎಚ್ಚರಿಸುತ್ತದೆ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂದು ಅದೇ ಗ್ರಂಥ ಹಲವೆಡೆ ಸಾರುತ್ತದೆ. ಇವು ಮುಸ್ಲಿಮರಿಗಷ್ಟೇ ಹೇಳಿದ ಮಾತುಗಳಲ್ಲ, ಮುಸ್ಲಿಮರ ಪರವಾಗಿ ಮಾತ್ರ ಹೇಳಿದವೂ ಅಲ್ಲ. ಗುಂಪಿನಲ್ಲಿ ನಾವು ನಿಂತಾಗಲೂ ಇವು ನಮಗೆ ಅನ್ವಯಿಸುತ್ತವೆ. ನಮ್ಮವನೊಬ್ಬನಿಗೆ ಅನ್ಯಾಯವಾದಾಗ ಕಾನೂನನ್ನು ಕೇಳುವ ನಾವು, ನಮ್ಮವರ ಗುಂಪು ಇನ್ನೊಬ್ಬನನ್ನು ಸುತ್ತುವರಿದಾಗಲೂ ಅದೇ ಕಾನೂನನ್ನು ಕೇಳುವವರಾಗಬೇಕು.

‘ಎಂ’ ಚಿತ್ರದ ಮೂಲ ಪ್ರತಿ 117 ನಿಮಿಷಗಳಷ್ಟಿತ್ತು. ವರ್ಷಗಳುದ್ದಕ್ಕೂ ಕತ್ತರಿ ಪ್ರಯೋಗಕ್ಕೆ ಸಿಕ್ಕಿ ಮೊಟಕಾದದ್ದನ್ನು ಯುರೋಪಿನ ಚಿತ್ರ ಸಂಗ್ರಹಾಲಯಗಳು ಸರಿಪಡಿಸಿವೆ. ಇಂದು ಸುಮಾರು 110 ನಿಮಿಷಗಳ ಸ್ವಚ್ಛ ಪ್ರತಿ ಸಿಗುತ್ತದೆ. ಭಾಷೆ ಬಾರದವರಿಗೂ ಮೊದಲ ಹತ್ತು ನಿಮಿಷ ಅರ್ಥವಾಗುತ್ತದೆ. ಶಾಲಾ ಕಾಲೇಜುಗಳ ಚಿತ್ರಸಂಘಗಳು, ಯುವಜನ ಸಂಘಟನೆಗಳು ಇದನ್ನು ತೋರಿಸಿ, ನೆಲಮಾಳಿಗೆಯ ವಿಚಾರಣೆಯ ದೃಶ್ಯದಲ್ಲಿ ಚಿತ್ರವನ್ನು ನಿಲ್ಲಿಸಿ, ಇಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಬೇಕು. ಹೆಚ್ಚಿನವರು ತಾವು ಆ ವಕೀಲನ ಪಕ್ಕ ನಿಲ್ಲುತ್ತಿದ್ದೆವೆಂದು ಹೇಳಬಹುದು. ಆ ನೆಲಮಾಳಿಗೆಯಲ್ಲಿ ಸಾಲುಗಟ್ಟಿ ಕುಳಿತ ಅಷ್ಟೂ ಮಂದಿಯಲ್ಲಿ ಹಾಗೆ ಎದ್ದು ನಿಂತವನು ಒಬ್ಬನೇ ಎಂಬುದನ್ನು ಆಗ ಅವರಿಗೆ ನೆನಪಿಸಿದರೆ ಸಾಕು, ಚರ್ಚೆ ತಾನಾಗಿಯೇ ಆರಂಭವಾಗುತ್ತದೆ.